ತೊಡೆಯ ಒರಳಿಗೊಂದು ಕಿಂಡಿ

೧೮೩೬ನೆಯ ಇಸವಿಯಲ್ಲಿ ಜರ್ಮನಿಯ ಇಬ್ಬರು ಸೋದರರು ಮನುಷ್ಯನ ನಡಿಗೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅಣ್ಣ ವಿಲ್ಹೆಲ್ಮ್ ವೇಬರ್ ಭೌತವಿಜ್ಞಾನಿ. ತಮ್ಮ ಎಡ್ವರ್ಡ್ ವೇಬರ್ ವೈದ್ಯ. ಆ ಗ್ರಂಥದಲ್ಲಿ ವರ್ಣಿತವಾಗಿರುವ ಒಂದು ಪ್ರಯೋಗ ಇಂದಿಗೂ ಓದಿದವರನ್ನು ಬೆರಗುಗೊಳಿಸುತ್ತದೆ. ಶವವೊಂದರ ಕಾಲು ಕೆಳಕ್ಕೆ ತೂಗಾಡುವಂತೆ ಇರಿಸಿ, ಆ ಕಾಲನ್ನು ಮುಂಡಕ್ಕೆ ಬಿಗಿದಿದ್ದ ಮಾಂಸಖಂಡಗಳನ್ನೆಲ್ಲ ಅವರು ಸುತ್ತಲೂ ಕತ್ತರಿಸಿದರು. ಕಾಲು ಬೀಳಲಿಲ್ಲ. ಬಳಿಕ ಕೀಲನ್ನು ಸುತ್ತುವರಿದಿದ್ದ ದಪ್ಪನೆಯ ಚೀಲವನ್ನೂ ಕತ್ತರಿಸಿದರು. ಆಗಲೂ ಬೀಳಲಿಲ್ಲ. ಹಿಡಿದುಕೊಳ್ಳಲು ಏನೊಂದೂ ಉಳಿಯದಿದ್ದರೂ ಅಷ್ಟು ಭಾರದ ಕಾಲು ತನ್ನ ಗುಳಿಯಲ್ಲಿಯೇ ಕಚ್ಚಿಕೊಂಡು ನಿಂತಿತ್ತು. ಕಡೆಗೆ ಕಟಿಯ ಒಳಭಾಗದಿಂದ ಆ ಗುಳಿಯ ತಳಕ್ಕೆ ಒಂದು ಸಣ್ಣ ರಂಧ್ರವನ್ನು ಕೊರೆದರು. ಗಾಳಿ ಒಳನುಗ್ಗಿತು, ಕಾಲು ಜಾರಿ ಕೆಳಗಿಳಿಯಿತು. ಮತ್ತೆ ಗುಂಡನ್ನು ಗುಳಿಗೆ ಒತ್ತಿ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಕಾಲು ನಿಂತಿತು. ಬೆರಳನ್ನು ತೆಗೆದರೆ ಬಿದ್ದಿತು.

ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೇರವಾಗಿ ಎಳೆದು ಬಿಡಿಸಲು ಹೊರಟವರಿಗೆ ಈ ಶಕ್ತಿಯ ಪರಿಚಯ ಇದ್ದೇ ಇರುತ್ತದೆ. ಗುಂಡಿಗೂ ಗುಳಿಗೂ ನಡುವೆ ಇರುವುದು ಕೀಲೆಣ್ಣೆಯ ತೆಳುವಾದ ಪೊರೆ ಮಾತ್ರ. ಗಾಳಿಗೆ ಅಲ್ಲಿ ಪ್ರವೇಶವಿಲ್ಲ. ಹೊರಗಿನ ವಾಯುಮಂಡಲದ ಒತ್ತಡವೇ ಕಾಲನ್ನು ಒಳಕ್ಕೆ ತಳ್ಳಿ ಹಿಡಿಯುತ್ತದೆ. ವೇಬರ್ ಸೋದರರು ಗಾಳಿಯ ಪಾಲನ್ನು ತುಸು ಹೆಚ್ಚಾಗಿಯೇ ಎಣಿಸಿದರೆಂದೂ, ಜೀವಂತ ದೇಹದಲ್ಲಿ ಮಾಂಸಖಂಡಗಳ ಮತ್ತು ರಜ್ಜುಗಳ ಪಾಲು ಅದಕ್ಕಿಂತ ದೊಡ್ಡದೆಂದೂ ಮುಂದಿನವರು ತಿದ್ದಿದರು. ಆದರೆ ಗಾಳಿಯನ್ನು ಒಳಗೆ ಬಿಟ್ಟರೆ ಹಿಡಿತ ಸಡಿಲುತ್ತದೆ ಎಂಬ ಅವರ ಮಾತು ಮಾತ್ರ ಸುಳ್ಳಾಗಲಿಲ್ಲ. ತೊಡೆಯ ಕೀಲಿಗೆ ಕಿಂಡಿಯ ಮೂಲಕ ಶಸ್ತ್ರಚಿಕಿತ್ಸೆ ಮಾಡುವ ಇಂದಿನ ವೈದ್ಯನು ಮೊಟ್ಟಮೊದಲು ಮಾಡುವ ಕೆಲಸವೂ ಇದೇ: ಸೂಜಿಯೊಂದನ್ನು ಚುಚ್ಚಿ ಗಾಳಿಯನ್ನು ಒಳಕ್ಕೆ ಬಿಡುವುದು.

ಒರಳು ಮತ್ತು ಬಟ್ಟಲು

ಈ ಕೀಲಿನ ಗುಳಿಗೆ ಪಾಶ್ಚಾತ್ಯ ವೈದ್ಯರು ಇಟ್ಟಿರುವ ಹೆಸರು ‘ಅಸಿಟಾಬ್ಯುಲಮ್’. ಹುಳಿರಸವನ್ನು ಊಟದ ಮೇಜಿನ ಮೇಲೆ ಇಡುತ್ತಿದ್ದ ಪುಟ್ಟ ಬಟ್ಟಲಿಗೆ ರೋಮನರು ಹಾಗೆನ್ನುತ್ತಿದ್ದರು. ಭಾರತೀಯರ ಕಣ್ಣಿಗೆ ಬಿದ್ದದ್ದು ಬೇರೊಂದು ಗೃಹೋಪಕರಣ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲೊಂದು ‘ಉಲೂಖಲ’, ಎಂದರೆ ಒರಳು. ಕಂಕುಳು, ತೊಡೆಸಂದು ಮತ್ತು ಹಲ್ಲುಗಳ ಸಂಧಿಗಳು ಈ ಜಾತಿಯವು. ಹುಳಿಯ ಬಟ್ಟಲಿಗಿಂತ ಒರಳಿನ ಹೋಲಿಕೆಯೇ ಮೇಲೆಂದು ಹೇಳಬೇಕು. ಬಟ್ಟಲು ಸುಮ್ಮನೆ ಕುಳಿತಿರುತ್ತದೆ. ಒರಳಾದರೋ ಪೆಟ್ಟು ತಿನ್ನುವುದಕ್ಕೆಂದೇ ಹುಟ್ಟಿದ್ದು. ಸಮನೆಲದ ಮೇಲೆ ಸಾಧಾರಣ ವೇಗದಲ್ಲಿ ನಡೆಯುವಾಗಲೂ ಈ ಕೀಲಿನ ಮೇಲೆ ಬೀಳುವ ಹೊರೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಒಂಟಿಕಾಲಿನ ಮೇಲೆ ನಿಂತ ಕ್ಷಣದಲ್ಲಿ ಮುಂಡವು ಆಚೆಗೆ ವಾಲದಂತೆ ಪೃಷ್ಠದ ಮಾಂಸಖಂಡಗಳು ಎಳೆದು ಹಿಡಿಯಬೇಕಾಗುವುದರಿಂದ ತೂಕದ ಜೊತೆಗೆ ಆ ಸೆಳೆತವೂ ಕೀಲಿನ ಮೇಲೆಯೇ ಬೀಳುತ್ತದೆ.

ಮೂರು ಮೂಳೆಗಳು ಕೂಡುವ ಎಡೆಯಲ್ಲಿ ಈ ಒರಳು ರೂಪುಗೊಂಡಿದೆ. ಎಳೆಯ ಮಕ್ಕಳಲ್ಲಿ ಆ ಮೂರರ ನಡುವೆ ಮೃದ್ವಸ್ಥಿಯ ಕವಲುಗೆರೆಯೊಂದು ಕಾಣುತ್ತದೆ. ಹದಿಹರೆಯದಲ್ಲಿ ಅದು ಬೆಸೆದು ಮೂರೂ ಒಂದಾಗುತ್ತವೆ. ಒರಳಿನ ಒಳಮೈಯೆಲ್ಲ ನುಣುಪಾಗಿಲ್ಲ. ಭಾರ ಹೊರುವ ನುಣುಪಾದ ಮೃದ್ವಸ್ಥಿ ಕುದುರೆಯ ಲಾಳದ ಆಕಾರದಲ್ಲಿ ಅಂಚಿನುದ್ದಕ್ಕೂ ಹರಡಿದೆ. ನಡುವಿನ ತಗ್ಗಿನಲ್ಲಿ ಕೊಬ್ಬಿನ ಮೆತ್ತೆ ತುಂಬಿದೆ. ಆ ತಗ್ಗಿನಿಂದಲೇ ಒಂದು ಪುಟ್ಟ ಹುರಿ ಹೊರಟು ಗುಂಡಿನ ನೆತ್ತಿಗೆ ಅಂಟಿಕೊಂಡಿದೆ. ಗುಂಡು ತೊಡೆಮೂಳೆಯ ತಲೆ. ಪೂರ್ಣ ಗೋಳವೇನೂ ಅಲ್ಲ, ಗೋಳದ ಮೂರನೆಯ ಎರಡು ಪಾಲು ಎನ್ನಬಹುದು. ತಲೆಯ ಕೆಳಗೆ ಕುತ್ತಿಗೆ. ಕುತ್ತಿಗೆಯು ತೊಡೆಮೂಳೆಯ ಕಾಂಡದ ಮೇಲೆ ನೆಟ್ಟಗೆ ಕುಳಿತಿರದೆ ೧೨೫ ರಿಂದ ೧೩೫ ಅಂಶಗಳಷ್ಟು ಓರೆಯಾಗಿ, ಜೊತೆಗೆ ತುಸು ಮುಂದಕ್ಕೆ ತಿರುಗಿಯೂ ನಿಂತಿದೆ. ಈ ಕುತ್ತಿಗೆ ಎಷ್ಟು ಸಣ್ಣಗೆ ಕಡೆದಂತಿರುತ್ತದೆಯೋ ಕಾಲು ಅಷ್ಟು ಸರಾಗವಾಗಿ ಮಡಿಸುತ್ತದೆ. ಕುತ್ತಿಗೆ ದಪ್ಪವಾದರೆ ಬರುವ ತೊಂದರೆಯೇ ಈ ಲೇಖನದ ಉತ್ತರಾರ್ಧದ ವಿಷಯ.

ಒರಳಿನ ಬಾಯಿಗೆ ಸುತ್ತಲೂ ಒಂದು ಅಂಚುಪಟ್ಟಿ ಇದೆ. ವೈದ್ಯರ ಭಾಷೆಯಲ್ಲಿ ಇದು ‘ಲೇಬ್ರಮ್’, ಎಂದರೆ ತುಟಿ. ನಲ್ಲಿಯ ವಾಷರಿನಂತೆ ಇದು ಗುಂಡಿನ ಮೈಗೆ ಒತ್ತಿ ಕುಳಿತು ಕೀಲೆಣ್ಣೆಯನ್ನು ಹೊರಹೋಗಗೊಡದು, ಬೇರೇನನ್ನೂ ಒಳಬರಗೊಡದು. ವೇಬರ್ ಸೋದರರ ಕಾಲು ಬೀಳದಂತೆ ತಡೆದ ಗುಟ್ಟಿನಲ್ಲಿ ದೊಡ್ಡ ಪಾಲು ಈ ತುಟಿಯದೇ. ಇನ್ನೊಂದು ವಿಶೇಷವುಂಟು. ಕೀಲಿನ ಮೃದ್ವಸ್ಥಿಗೆ ನರಗಳಿಲ್ಲ, ಆದ್ದರಿಂದ ಅದು ಸವೆದರೂ ತಾನಾಗಿ ನೋಯುವುದಿಲ್ಲ, ತುಟಿಗೆ ನರಗಳಿವೆ. ಅದು ಹರಿದರೆ ಮನುಷ್ಯನಿಗೆ ತಿಳಿಯುತ್ತದೆ.

ಇಷ್ಟರ ಮೇಲೆ ಹೊದಿಸಿದ ಚೀಲವನ್ನು ಮೂರು ರಜ್ಜುಗಳು ಬಿಗಿದಿವೆ. ಮುಂಭಾಗದ ರಜ್ಜು ದೇಹದಲ್ಲೆಲ್ಲ ಅತ್ಯಂತ ಬಲವಾದುದು. ಕವಲೊಡೆದ ಕೊಂಬೆಯನ್ನು ತಲೆಕೆಳಗಾಗಿ ಹಿಡಿದಂತಿದೆ. ಬಾಸ್ಟನ್ನಿನ ಶಸ್ತ್ರವೈದ್ಯ ಹೆನ್ರಿ ಜೇಕಬ್ ಬಿಗೆಲೋ ೧೮೬೯ರ ತನ್ನ ಗ್ರಂಥದಲ್ಲಿ ಇದರ ಮಹತ್ತ್ವವನ್ನು ವಿವರಿಸಿದನಾದ ಕಾರಣ ಅವನ ಹೆಸರೇ ಇದಕ್ಕೆ ನಿಂತಿದೆ. ಮನುಷ್ಯನು ಆಯಾಸವಿಲ್ಲದೆ ನೆಟ್ಟಗೆ ನಿಲ್ಲಬಲ್ಲನಾದರೆ ಈ ರಜ್ಜುವಿನ ಮೇಲೆ ಒರಗಿ ನಿಲ್ಲಬಲ್ಲನೆಂದೇ ಅರ್ಥ.

ನೋವಿನ ವಿಳಾಸ

ಕನ್ನಡದಲ್ಲಿ ‘ಸೊಂಟನೋವು’ ಎಂಬ ಮಾತಿನ ವ್ಯಾಪ್ತಿ ಬಹಳ ದೊಡ್ಡದು. ಬೆನ್ನಿನ ಕೆಳಭಾಗದ ನೋವಿಗೂ ಅದೇ ಮಾತು, ಪೃಷ್ಠದ ನೋವಿಗೂ ಅದೇ, ಚಪ್ಪೆಯ ನೋವಿಗೂ ಅದೇ. ಇದರಿಂದ ವೈದ್ಯರಿಗೂ ರೋಗಿಗಳಿಗೂ ಆಗುವ ಗೊಂದಲ ಅಲ್ಪಸ್ವಲ್ಪವಲ್ಲ. ನಿಜವಾದ ತೊಡೆಕೀಲಿನ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮುಂಭಾಗದ ತೊಡೆಸಂದಿನಲ್ಲಿ, ಆಳದಲ್ಲಿ. ಎಲ್ಲಿ ನೋಯುತ್ತದೆಂದು ಕೇಳಿದರೆ ಇಂಥ ರೋಗಿ ಒಂದು ಬೆರಳಿನಿಂದ ತೋರಿಸಲಾರ. ಪಕ್ಕದಿಂದ ಕೈಯನ್ನಿಟ್ಟು, ಹೆಬ್ಬೆರಳು ಹಿಂದಕ್ಕೂ ಉಳಿದ ಬೆರಳುಗಳು ಮುಂದೆ ತೊಡೆಸಂದಿಗೂ ಬರುವಂತೆ ಅರ್ಧಚಂದ್ರಾಕಾರವಾಗಿ ಕೀಲನ್ನೇ ಹಿಡಿದು ತೋರಿಸುತ್ತಾನೆ. ಅನುಭವಿ ವೈದ್ಯನಿಗೆ ಆ ಹಿಡಿತವೇ ಅರ್ಧ ನಿದಾನ. ಮತ್ತೆ ಕೆಲವೊಮ್ಮೆ ತೊಡೆಕೀಲಿನ ರೋಗ ಮೊಣಕಾಲಿನಲ್ಲಿ ನೋವಾಗಿ ಕಾಣುವುದೂ ಉಂಟು. ಎರಡಕ್ಕೂ ಕವಲು ಕೊಡುವ ನರ ಒಂದೇ ಆಗಿರುವುದು ಅದಕ್ಕೆ ಕಾರಣ. ಮಗು ಮೊಣಕಾಲು ನೋವೆಂದು ಕುಂಟುತ್ತಿದ್ದು, ಮೊಣಕಾಲಿನಲ್ಲಿ ಏನೂ ಕಾಣದೆ ಹೋದರೆ ತೊಡೆಕೀಲನ್ನು ಪರೀಕ್ಷಿಸದೆ ಮನೆಗೆ ಕಳುಹಿಸಬಾರದೆಂಬುದು ವೈದ್ಯವಿದ್ಯಾರ್ಥಿಗಳಿಗೆ ಕಲಿಸುವ ಹಳೆಯ ಪಾಠ.

ಇಪ್ಪತ್ತೈದು ಮೂವತ್ತರ ವಯಸ್ಸಿನ ಗಟ್ಟಿಮುಟ್ಟಾದ ಯುವಕ ಅಥವಾ ಯುವತಿ ತಗ್ಗಾದ ಆಸನದಲ್ಲಿ ಕುಳಿತು ಏಳುವಾಗ, ಮೋಟಾರಿಗೆ ಹತ್ತಿ ಇಳಿಯುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ ತೊಡೆಸಂದಿನಲ್ಲಿ ಚುಚ್ಚಿದಂತಾಗುವುದೆಂದು ಹೇಳಿಕೊಂಡರೆ ಬಹುಕಾಲ ಅದಕ್ಕೆ ಸರಿಯಾದ ಉತ್ತರವಿರಲಿಲ್ಲ. ಕ್ಷಕಿರಣದ ಚಿತ್ರದಲ್ಲಿ ಮೇಲ್ನೋಟಕ್ಕೆ ದೋಷವಿಲ್ಲ, ಸವೆತವೂ ಇಲ್ಲ. ಉಳುಕಿರಬಹುದು ಎಂದರು, ಮನಸ್ಸಿನ ಭ್ರಮೆ ಎಂದವರೂ ಇದ್ದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಝ್ ಮತ್ತು ಅವನ ಸಹೋದ್ಯೋಗಿಗಳು ೨೦೦೩ರಲ್ಲಿ ಇದಕ್ಕೊಂದು ಸ್ಪಷ್ಟವಾದ ವಿವರಣೆ ಕೊಟ್ಟರು. ಕೆಲವರಲ್ಲಿ ಗುಂಡು ಕುತ್ತಿಗೆಗೆ ಸೇರುವ ಮುಂಭಾಗದಲ್ಲಿ ಮೂಳೆ ಉಬ್ಬಿಕೊಂಡಿರುತ್ತದೆ. ಮತ್ತೆ ಕೆಲವರಲ್ಲಿ ಒರಳಿನ ಅಂಚು ಬೇಕಾದುದಕ್ಕಿಂತ ಮುಂದೆ ಚಾಚಿರುತ್ತದೆ. ಎರಡೂ ಇರುವವರು ಹಲವರು. ಕಾಲನ್ನು ಆಳವಾಗಿ ಮಡಿಸಿ ಒಳಕ್ಕೆ ತಿರುಗಿಸಿದಾಗಲೆಲ್ಲ ಕುತ್ತಿಗೆ ಅಂಚಿಗೆ ಬಡಿಯುತ್ತದೆ. ನಡುವೆ ಸಿಕ್ಕಿದ ತುಟಿ ಜಜ್ಜಿ ಹರಿಯುತ್ತದೆ. ಅದರ ಹಿಂದಿನ ಮೃದ್ವಸ್ಥಿ ಸುಣ್ಣದ ಗೋಡೆಯ ಹಕ್ಕಳೆಯಂತೆ ಏಳಲಾರಂಭಿಸುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಕೀಲು ಸವೆಯುವುದಕ್ಕೆ ಅದೇ ದಾರಿಯಾಗಬಹುದು.

‘ಸೂಜಿ ಹೋಗದು’

ಕಿಂಡಿಯ ಮೂಲಕ ಕೀಲುಗಳ ಒಳಗನ್ನು ನೋಡುವ ವಿದ್ಯೆ ಹೊಸದಲ್ಲ. ಟೋಕಿಯೋದ ಕೆಂಜಿ ಟಕಾಗಿ ೧೯೧೮ರಲ್ಲಿಯೇ ಮೂತ್ರಕೋಶವನ್ನು ಪರೀಕ್ಷಿಸುವ ನಳಿಗೆಯಿಂದ ಶವದ ಮೊಣಕಾಲಿನೊಳಗೆ ಇಣಿಕಿ ನೋಡಿದ್ದ. ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ನಾನಾ ಕೀಲುಗಳನ್ನು ಹೀಗೆ ನೋಡಿ ೧೯೩೧ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದ. ತೊಡೆಕೀಲಿನ ವಿಷಯದಲ್ಲಿ ಅವನ ತೀರ್ಮಾನ ನಿರಾಶಾದಾಯಕವಾಗಿತ್ತು. ಕುತ್ತಿಗೆಯ ಸುತ್ತಲಿನ ಭಾಗವನ್ನು ಕಾಣಬಹುದು. ಗುಂಡಿಗೂ ಗುಳಿಗೂ ನಡುವೆ ಮಾತ್ರ ಒಂದು ಸೂಜಿಯನ್ನೂ ತೂರಿಸಲಾಗದು ಎಂದು ಅವನು ಬರೆದ. ವೇಬರ್ ಸೋದರರ ಕಾಲು ಏಕೆ ಬೀಳಲಿಲ್ಲವೋ ಬರ್ಮನ್ನನ ಸೂಜಿ ಅದೇ ಕಾರಣದಿಂದ ಒಳಹೋಗಲಿಲ್ಲ. ೧೯೩೯ರಲ್ಲಿ ಟಕಾಗಿ ನಾಲ್ಕು ರೋಗಿಗಳ ತೊಡೆಕೀಲನ್ನು ನಳಿಗೆಯಿಂದ ನೋಡಿದ ವರದಿ ಕೊಟ್ಟನಾದರೂ ಮುಂದೆ ಹಲವು ದಶಕಗಳ ಕಾಲ ವೈದ್ಯರೆಲ್ಲ ಮೊಣಕಾಲಿನ ಕಡೆಗೇ ತಿರುಗಿದರು. ಮೊಣಕಾಲು ಚರ್ಮದ ಕೆಳಗೇ ಇದೆ. ತೊಡೆಕೀಲು ಕೊಬ್ಬು ಮಾಂಸಗಳ ಹಲವು ಅಂಗುಲಗಳ ಆಳದಲ್ಲಿ ಹುದುಗಿದೆ.

ಈ ನಡುವೆ ಬೆಳಕಿನ ಸಮಸ್ಯೆ ಬಗೆಹರಿಯಿತು. ಹಳೆಯ ನಳಿಗೆಗಳ ತುದಿಯಲ್ಲಿ ಉರಿಯುತ್ತಿದ್ದ ಪುಟ್ಟ ದೀಪ ಮಂಕು, ಜೊತೆಗೆ ಬಿಸಿ; ಒಳಗೇ ಒಡೆದುಹೋಗುವ ಭಯ ಬೇರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸರೊಡನೆ ಕೂಡಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ತೋರಿಸಿದರು. ದೀಪ ಹೊರಗೇ ಉರಿದು ಬೆಳಕು ಮಾತ್ರ ಒಳಹೋಗುವಂತಾಯಿತು. ಹಾಪ್‌ಕಿನ್ಸರೇ ಮುಂದೆ ಗಾಜಿನ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ನಳಿಗೆಯನ್ನು ರೂಪಿಸಿ ಚಿತ್ರವನ್ನು ನಿಚ್ಚಳಗೊಳಿಸಿದರು. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಕಿಂಡಿಯ ಶಸ್ತ್ರಚಿಕಿತ್ಸೆ ನಡೆದರೂ ಇವರ ಋಣ ಅಲ್ಲಿದೆ.

ಉಳಿದದ್ದು ಎಳೆತದ ಸಮಸ್ಯೆ. ಸ್ವೀಡನ್ನಿನಲ್ಲಿ ಎರಿಕ್ಸನ್ ಮತ್ತು ಅವನ ಸಂಗಡಿಗರು ೧೯೮೬ರಲ್ಲಿ ಅಳೆದು ನೋಡಿದರು: ಅರಿವಳಿಕೆ ಕೊಟ್ಟು ಮಾಂಸಖಂಡಗಳನ್ನು ಸಡಿಲಗೊಳಿಸಿದ ರೋಗಿಯಲ್ಲಿಯೂ ಕೀಲನ್ನು ಬಿಡಿಸಲು ಸುಮಾರು ೩೦ ರಿಂದ ೫೦ ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಅದೇ ದಶಕದಲ್ಲಿ ಸಾನ್ ಫ್ರಾನ್ಸಿಸ್ಕೋದ ಜೇಮ್ಸ್ ಗ್ಲಿಕ್ ರೋಗಿಯನ್ನು ಪಕ್ಕಕ್ಕೆ ಮಲಗಿಸಿ ಕೀಲನ್ನು ಎಳೆದು ತೆರೆಯುವ ಕ್ರಮವನ್ನು ಬಳಕೆಗೆ ತಂದರು. ೧೯೯೪ರಲ್ಲಿ ನ್ಯಾಶ್‌ವಿಲ್ಲಿನ ಥಾಮಸ್ ಬರ್ಡ್ ಅಂಗಾತ ಮಲಗಿಸಿ ಮಾಡುವ ಕ್ರಮವನ್ನು ವಿವರಿಸಿದರು. ಎರಡೂ ಕ್ರಮಗಳು ಉಳಿದುಕೊಂಡಿವೆ.

ಚರ್ಮದ ಮೇಲಿನ ನಕ್ಷೆ

ರೋಗಿ ಅಂಗಾತ ಮಲಗಿದ್ದಾನೆ, ಪೂರ್ಣ ಅರಿವಳಿಕೆ. ಪಾದಗಳಿಗೆ ಮೆತ್ತೆ ಸುತ್ತಿ ಬೂಟಿನಂಥ ಹಿಡಿಕೆಯಲ್ಲಿ ಬಿಗಿದಿದೆ. ತೊಡೆಗಳ ನಡುವೆ ದಪ್ಪನಾದ ಮೆತ್ತೆಯ ಕಂಬ. ಯಂತ್ರದ ತಿರುಪನ್ನು ಸುತ್ತಿದಂತೆ ಕಾಲು ನಿಧಾನವಾಗಿ ಎಳೆಯಲ್ಪಡುತ್ತದೆ. ಕ್ಷಕಿರಣದ ಪರದೆಯ ಮೇಲೆ ಒರಳಿನ ಗೆರೆಗೂ ಗುಂಡಿನ ಗೆರೆಗೂ ನಡುವೆ ಕಪ್ಪು ಅರ್ಧಚಂದ್ರವೊಂದು ಮೂಡುತ್ತದೆ. ಸೂಜಿ ಒಳಹೊಕ್ಕು ಗಾಳಿ ತುಂಬಿದೊಡನೆ, ಮೊಂಡುಹಿಡಿದು ಕುಳಿತಿದ್ದ ಕೀಲು ಹಠಾತ್ತನೆ ಸಡಿಲಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಒಟ್ಟು ತೆರವು ಒಂದು ಸೆಂಟಿಮೀಟರಿನಷ್ಟು. ಅಷ್ಟರಲ್ಲಿಯೇ ಸಕಲ ಕಾರ್ಯವೂ ನಡೆಯಬೇಕು. ಅದೂ ಎರಡು ಗಂಟೆಗಳ ಮಿತಿಯೊಳಗೆ. ಎಳೆತ ಅದಕ್ಕಿಂತ ಹೆಚ್ಚು ಹೊತ್ತು ಮುಂದುವರಿದರೆ ನರಗಳು ನೊಂದು ಪಾದವೋ ಕಂಬ ಒತ್ತಿದ ಎಡೆಯೋ ಮರಗಟ್ಟುವ ಸಂಭವವುಂಟು. ಬಹುಮಟ್ಟಿಗೆ ಅದು ವಾಸಿಯಾಗುತ್ತದೆ, ನಿಜ. ಆದರೂ ಗಡಿಯಾರದ ಮೇಲೆ ಒಬ್ಬರ ಕಣ್ಣು ಇದ್ದೇ ಇರುತ್ತದೆ.

ಕಿಂಡಿಯನ್ನು ಎಲ್ಲಿ ತೆರೆಯಬೇಕು? ತೆರೆದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯನಿಗೆ ನರ, ರಕ್ತನಾಳಗಳು ಕಣ್ಣೆದುರಿಗೇ ಇರುತ್ತವೆ; ಇಲ್ಲಿ ಅವನು ಕುರುಡನಂತೆ ಚುಚ್ಚಬೇಕು. ಆದ್ದರಿಂದ ಚರ್ಮದ ಮೇಲೆ ಮಸಿಯಿಂದ ಎರಡು ಗೆರೆಗಳನ್ನು ಎಳೆದುಕೊಳ್ಳುತ್ತಾನೆ. ಸೊಂಟದ ಮುಂದುಗಡೆ ಕೈಗೆ ಸಿಕ್ಕುವ ಎಲುಬಿನ ಮೊನೆಯಿಂದ ನೇರವಾಗಿ ಕೆಳಕ್ಕೆ ಒಂದು ಗೆರೆ. ತೊಡೆಯ ಹೊರಪಕ್ಕದಲ್ಲಿ ಉಬ್ಬಿ ನಿಂತ ಮೂಳೆಯ ನೆತ್ತಿಯಿಂದ ಅಡ್ಡಲಾಗಿ ಇನ್ನೊಂದು. ಮೊದಲನೆಯ ಗೆರೆಯಿಂದ ಒಳಕ್ಕೆ ಹೋಗಕೂಡದು. ಅಲ್ಲಿ ತೊಡೆಯ ಮಹಾರಕ್ತನಾಳಗಳೂ ಅವುಗಳ ಪಕ್ಕದಲ್ಲಿಯೇ ತೊಡೆಯ ಮುಂಭಾಗದ ದೊಡ್ಡ ನರವೂ ಇವೆ. ಹಿಂಭಾಗದಲ್ಲಿ, ಉಬ್ಬುಮೂಳೆಯ ಹಿಂದೆ, ದೇಹದಲ್ಲೆಲ್ಲ ದಪ್ಪನಾದ ಗೃಧ್ರಸೀ ನರ ಇಳಿದಿದೆ. ಹಿಂದಿನ ಕಿಂಡಿಗೂ ಅದಕ್ಕೂ ಅಂತರ ಸುಮಾರು ಮೂರು ಸೆಂಟಿಮೀಟರು ಮಾತ್ರ. ರೋಗಿಯ ಪಾದವನ್ನು ಹೊರಕ್ಕೆ ತಿರುಗಿಸಿದರೆ ಉಬ್ಬುಮೂಳೆ ಹಿಂದೆ ಸರಿದು ಆ ಅಂತರವೂ ಕಿರಿದಾಗುತ್ತದೆ. ಪಾದದ ದಿಕ್ಕಿನಂಥ ಸಣ್ಣ ವಿಷಯವೂ ಇಲ್ಲಿ ಸಣ್ಣದಲ್ಲ.

ಮೊದಲ ಕಿಂಡಿ ಉಬ್ಬುಮೂಳೆಯ ಮುಂದಂಚಿನ ಮೇಲೆ. ಅತ್ಯಂತ ಸುರಕ್ಷಿತವಾದ ಸ್ಥಳ ಇದೇ. ಟೊಳ್ಳು ಸೂಜಿಯೊಳಗಿಂದ ತಂತಿಯೊಂದನ್ನು ಇಳಿಬಿಟ್ಟು, ಸೂಜಿಯನ್ನು ತೆಗೆದು, ತಂತಿಯ ಜಾಡಿನಲ್ಲಿಯೇ ನಳಿಗೆಯನ್ನು ಇಳಿಸುವುದು ಕ್ರಮ. ಮುಂದಿನ ಕಿಂಡಿಯನ್ನು ಒಳಗಿನ ನಳಿಗೆಯ ಕಣ್ಗಾವಲಿನಲ್ಲಿಯೇ ತೆರೆಯುತ್ತಾರೆ. ತೊಡೆಯ ಹೊರಮೈಗೆ ಸ್ಪರ್ಶಜ್ಞಾನ ಕೊಡುವ ಸಣ್ಣ ನರದ ಕವಲುಗಳು ಅಲ್ಲಿ ಚರ್ಮದ ಕೆಳಗೇ ಹರಡಿರುವುದರಿಂದ ಅಲಗು ಚರ್ಮದಷ್ಟಕ್ಕೇ ನಿಲ್ಲಬೇಕು. ಎಷ್ಟು ಎಚ್ಚರದಿಂದಿದ್ದರೂ ಕೆಲವರಿಗೆ ತೊಡೆಯ ಹೊರಭಾಗ ಕೆಲಕಾಲ ಜೋಮುಹಿಡಿದಂತೆ ಇರುವುದುಂಟು.

ಉಬ್ಬು, ಮಡಿಕೆ ಮತ್ತು ರಕ್ತನಾಳ

ಒಳಗೆ ಉಪ್ಪುನೀರು ಹರಿಯುತ್ತಿರುತ್ತದೆ. ಪರದೆಯ ಮೇಲೆ ಕಾಣುವ ನೋಟ ಕಡಲತಳದ ಗುಹೆಯಂತೆ: ಒಂದು ಕಡೆ ಬೆಳ್ಳಗೆ ಹೊಳೆಯುವ ಗುಂಡು, ಇನ್ನೊಂದು ಕಡೆ ಲಾಳದಾಕಾರದ ಮೃದ್ವಸ್ಥಿ, ಅಂಚಿನಲ್ಲಿ ತುಟಿ. ಹರಿದ ತುಟಿಯನ್ನು ಹಿಂದೆ ಕತ್ತರಿಸಿ ತೆಗೆಯುತ್ತಿದ್ದರು. ಅದು ಕೀಲಿನ ಮುದ್ರೆಯೆಂಬ ಅರಿವು ಬೆಳೆದಂತೆ, ಮೂಳೆಯ ಅಂಚಿಗೆ ಪುಟ್ಟ ಗೂಟಗಳನ್ನು ಹೊಡೆದು ದಾರದಿಂದ ಮತ್ತೆ ಬಿಗಿಯುವ ಕ್ರಮ ರೂಢಿಗೆ ಬಂದಿದೆ. ಈ ಬದಲಾವಣೆ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ.

ತುಟಿಯ ಕೆಲಸ ಮುಗಿದ ಮೇಲೆ ಎಳೆತವನ್ನು ಸಡಿಲಿಸುತ್ತಾರೆ. ಗುಂಡು ಒರಳಿಗೆ ಇಳಿದು ಕೂರುತ್ತದೆ. ಮೊಣಕಾಲನ್ನು ತುಸು ಮೇಲೆತ್ತಿ ಕಾಲನ್ನು ಮಡಿಸಿದರೆ ಚೀಲದ ಮುಂಭಾಗ ಸಡಿಲಗೊಂಡು ಕುತ್ತಿಗೆಯ ಸುತ್ತ ಸ್ಥಳವಾಗುತ್ತದೆ. ಬರ್ಮನ್ನನಿಗೆ ೧೯೩೧ರಲ್ಲಿ ಕಂಡದ್ದು ಈ ಭಾಗ. ಮೂಳೆಯ ಉಬ್ಬು ಇರುವುದೂ ಇಲ್ಲಿಯೇ. ಅದನ್ನು ತಿರುಗುವ ಪುಟ್ಟ ಅರದಿಂದ ಸವರಿ ಕುತ್ತಿಗೆಯನ್ನು ಸಣ್ಣಗೊಳಿಸಬೇಕು. ಕಡಮೆ ತೆಗೆದರೆ ನೋವು ಉಳಿಯುತ್ತದೆ. ಕುತ್ತಿಗೆಯ ದಪ್ಪದ ಮೂರನೆಯ ಒಂದು ಪಾಲಿನಷ್ಟನ್ನು ತೆಗೆದುಬಿಟ್ಟರೆ ಮೂಳೆಯೇ ಮುರಿಯುವ ಅಪಾಯ.

ಅದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ವಯಸ್ಕರ ತೊಡೆಮೂಳೆಯ ತಲೆಗೆ ರಕ್ತ ಒದಗುವುದು ಬಹುಮಟ್ಟಿಗೆ ಒಂದೇ ರಕ್ತನಾಳದಿಂದ. ಅದು ತೊಡೆಯ ಒಳಭಾಗದಲ್ಲಿ ಹೊರಟು, ಕುತ್ತಿಗೆಯನ್ನು ಹಿಂದಿನಿಂದ ಬಳಸಿ, ಹಿಂದಿನ ಮೇಲ್ಮಗ್ಗುಲಲ್ಲಿ ಸಣ್ಣ ಕವಲುಗಳಾಗಿ ಏರಿ ತಲೆಯನ್ನು ಹೊಗುತ್ತದೆ. ಆ ಕವಲುಗಳು ಕಡಿದುಹೋದರೆ ತಲೆಯ ಮೂಳೆ ಸಾಯುತ್ತದೆ; ಕಾಲಕ್ರಮದಲ್ಲಿ ಕುಸಿಯುತ್ತದೆ; ಆಮೇಲೆ ಲೋಹದ ಕೀಲೊಂದೇ ಗತಿ. ಒಂದು ನೋವನ್ನು ನೀಗಲು ಹೋಗಿ ಕೀಲನ್ನೇ ಕಳೆದಂತಾಗುತ್ತದೆ. ಬರ್ನಿನ ವೈದ್ಯರು ಈ ನಾಳದ ದಾರಿಯನ್ನು ಮಾಂಸಖಂಡಗಳ ನಡುವೆ ಅಂಗುಲ ಅಂಗುಲವಾಗಿ ಗುರುತಿಸಿದರು. ಆ ನಕ್ಷೆಯನ್ನು ನಂಬಿ ಗಾಂಝ್ ಗುಂಡನ್ನು ಒರಳಿನಿಂದ ಪೂರ್ತಿಯಾಗಿ ಹೊರತೆಗೆದು ಚಿಕಿತ್ಸೆ ಮಾಡಿ ಮತ್ತೆ ಕೂರಿಸುವ ಸಾಹಸ ಮಾಡಿದ. ೨೦೦೧ರಲ್ಲಿ ಅವನ ತಂಡ ೨೧೩ ಕೀಲುಗಳ ಅನುಭವವನ್ನು ಪ್ರಕಟಿಸಿತು; ಒಂದರಲ್ಲಿಯೂ ತಲೆ ಸತ್ತಿರಲಿಲ್ಲ. ಕಿಂಡಿಯ ವೈದ್ಯರಿಗೆ ದಾರಿ ತೋರಿಸುವುದೂ ಅದೇ ನಕ್ಷೆ. ನಳಿಗೆಯಲ್ಲಿ ನೋಡುವಾಗ ಕುತ್ತಿಗೆಯ ಹೊರಮಗ್ಗುಲಲ್ಲಿ ತೆಳುಪೊರೆಯ ಒಂದು ಮಡಿಕೆ ಎದ್ದು ಕಾಣುತ್ತದೆ. ರಕ್ತನಾಳದ ಕವಲುಗಳು ಅದರೊಳಗೇ ಹುದುಗಿವೆ. ಅರದ ಗಡಿ ಆ ಮಡಿಕೆ.

ಇಷ್ಟು ಪರಿಶ್ರಮದ ಫಲವೇನು? ಬ್ರಿಟನ್ನಿನ ೨೩ ಆಸ್ಪತ್ರೆಗಳಲ್ಲಿ ೩೪೮ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಕಿಂಡಿಯ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮ ಚಿಕಿತ್ಸೆ ಕೊಟ್ಟು ನೋಡಿದ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡು ಗುಂಪಿನವರೂ ಸುಧಾರಿಸಿದ್ದರು; ಶಸ್ತ್ರಚಿಕಿತ್ಸೆಯವರು ಸ್ವಲ್ಪ ಹೆಚ್ಚು ಸುಧಾರಿಸಿದ್ದರು. ವ್ಯಾಯಾಮದಿಂದಲೇ ನೆಮ್ಮದಿ ಕಂಡವರು ಅಲ್ಲಿ ಇದ್ದರೆಂಬುದನ್ನು ಶಸ್ತ್ರಚಿಕಿತ್ಸೆಗೆ ಆತುರಪಡುವವರು ಮರೆಯಬಾರದು. ಕ್ಷಕಿರಣದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಹೆದರಬೇಕಾದುದೂ ಇಲ್ಲ; ಅಂಥ ಉಬ್ಬು ಇದ್ದೂ ಏನೊಂದು ನೋವೂ ಇಲ್ಲದೆ ಬಾಳುವವರು ಬಹಳ ಮಂದಿ. ಇನ್ನು ಕೀಲಿನ ಮೃದ್ವಸ್ಥಿ ಆಗಲೇ ಸವೆದುಹೋಗಿರುವವರಿಗೆ ಈ ಕಿಂಡಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಹುಟ್ಟಿನಿಂದಲೇ ಒರಳು ಆಳವಿಲ್ಲದೆ ತಟ್ಟೆಯಂತಿರುವವರಲ್ಲಿಯಂತೂ ತುಟಿ ಮತ್ತು ರಜ್ಜುಗಳೇ ಗುಂಡನ್ನು ಹಿಡಿದಿರುತ್ತವೆ. ಅವನ್ನು ಸಡಿಲಿಸಿದರೆ ಕೀಲು ಜಾರುವ ಭಯವುಂಟು. ಅಂಥವರಿಗೆ ಒರಳಿನ ಮೂಳೆಯನ್ನೇ ಕತ್ತರಿಸಿ ತಿರುಗಿಸಿ ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಅರವನ್ನು ಹೊರತೆಗೆದ ಮೇಲೆ ವೈದ್ಯನು ನಳಿಗೆಯನ್ನು ಒಳಗೇ ಬಿಟ್ಟು ರೋಗಿಯ ಮೊಣಕಾಲನ್ನು ಎದೆಯ ಕಡೆಗೆ ಮಡಿಸಿ ಒಳಕ್ಕೆ ತಿರುಗಿಸುತ್ತಾನೆ. ಕುತ್ತಿಗೆ ಅಂಚಿಗೆ ತಾಕದೆ ತುಟಿಯ ಕೆಳಗೆ ನುಸುಳಿ ಹೋಗುವುದನ್ನು ಪರದೆಯ ಮೇಲೆ ಎರಡು ಮೂರು ಬಾರಿ ನೋಡಿಕೊಳ್ಳುತ್ತಾನೆ. ಕಿಂಡಿಯಿಂದ ಕಿಂಡಿಗೆ ದಾರಿ ಮಾಡಲು ಸೀಳಿದ್ದ ಬಿಗೆಲೋನ ರಜ್ಜುವನ್ನು ಹೊಲಿಯುತ್ತಾನೆ. ಚರ್ಮಕ್ಕೆ ಬೀಳುವುದು ಎರಡು ಮೂರು ಪುಟ್ಟ ಹೊಲಿಗೆಗಳು. ರೋಗಿ ಊರೆಗೋಲುಗಳ ಆಸರೆಯಿಂದ ಎದ್ದು ನಿಲ್ಲುತ್ತಾನೆ. ಮನೆಗೆ ಹೋದ ಮೇಲೂ ಕೆಲವು ವಾರ ಅವುಗಳನ್ನು ಬಿಡುವಂತಿಲ್ಲ. ಆಟದ ಬಯಲಿಗೆ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕುಕ್ಕರಗಾಲಿನಲ್ಲಿ ಕೂರಬಾರದೆಂದು ಮನೆಯವರಿಗೂ ಹೇಳಿ ಕಳುಹಿಸುತ್ತಾರೆ.